ಪ್ರಾರ್ಥನೆಗೂ ಪಕ್ಕದ ಮನೆಗೂ ಏನು ಸಂಬಂಧ?

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಅಬ್ಬಿಗೆರೆಯಿಂದ ಜಾಲಹಳ್ಳಿ ಕಡೆಗೆ ಬರುವ ದಾರಿಯಲ್ಲಿ ಕ್ರೈಸ್ತರ ಪ್ರಾರ್ಥನೆ ನಾಲ್ಕೈದು ಭಾಷೆಗಳಲ್ಲಿ ಕಿವಿಗೆ ಬೀಳುತ್ತದೆ. ಗಂಟೆಗೋಪುರವಿರುವ ಚರ್ಚುಗಳಲ್ಲಿ ಮಾತ್ರವಲ್ಲ, ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲಿನ ಮಹಡಿಯಲ್ಲಿ ಬಾಡಿಗೆ ಹಾಲ್ ಇರುವಂಥ ಕಟ್ಟಡಗಳಲ್ಲೂ ಆರಾಧನೆ ನಡೆಯುತ್ತದೆ. ಇಷ್ಟೊಂದು ಭಾಷೆ ಒಂದೇ ಕಡೆ ಬಂದು ಸೇರಿದ್ದಕ್ಕೆ ಕಾರಣ ಕಾರ್ಖಾನೆಗಳು. ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಸ್ಥಾಪನೆಯಾಗಿ ಜಾಲಹಳ್ಳಿ ಸೀಮೆಯ ಚಹರೆಯನ್ನೇ ಬದಲಿಸಿದವು. ಆಮೇಲೆ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಕೆಲಸಕ್ಕೆಂದು ಬಂದವರು ಅಬ್ಬಿಗೆರೆ, ಕಮ್ಮಗೊಂಡನಹಳ್ಳಿ, ಶೆಟ್ಟಿಹಳ್ಳಿಗಳಲ್ಲಿ ಮನೆ ಮಾಡಿದರು. ಬಾಡಿಗೆ ಮನೆಗಳ ಈ ಬೀದಿಗಳಲ್ಲಿ ಹನ್ನೊಂದು ತಿಂಗಳ ಕರಾರು ಮುಗಿಯಿತೆಂದರೆ ಪಕ್ಕದ ಮನೆಯವರ ಹೆಸರೂ ಬದಲು, ಅವರ ಊರೂ ಬದಲು.

ಇಂಥ ಜಾಗದಲ್ಲಿ ನೆರೆಯವರನ್ನು ನಮ್ಮಷ್ಟೇ ಪ್ರೀತಿಸಬೇಕೆಂಬ ಬೋಧನೆ ಹೇಗೆ ನಡೆಯುತ್ತದೆ? ಅದಕ್ಕೂ ಪ್ರಾರ್ಥನೆಗೂ ಏನು ನಂಟು? ಹೊರಗಿನಿಂದ ನೋಡುವವರಿಗೆ ಎರಡೂ ಬೇರೆ ಬೇರೆ ಖಾತೆ ಅನ್ನಿಸುವುದು ಸಹಜ. ಒಂದು ದೇವರ ಜೊತೆಗಿನ ವ್ಯವಹಾರ, ಇನ್ನೊಂದು ಜನರ ಜೊತೆಗಿನದು. ಅನೇಕ ಕ್ರೈಸ್ತರೂ ಹಾಗೆಂದುಕೊಂಡೇ ಬದುಕುತ್ತಾರೆ. ಆದರೆ ಸುವಾರ್ತೆಗಳನ್ನು ಓದುತ್ತಾ ಹೋದರೆ, ಯೇಸು ಪ್ರಾರ್ಥನೆಯ ಮಾತೆತ್ತಿದ ಮುಖ್ಯ ಕಡೆಗಳಲ್ಲೆಲ್ಲ ಪಕ್ಕದ ಮನುಷ್ಯ ಹೇಗೋ ಬಂದು ನಿಂತಿರುತ್ತಾನೆ.

ಲೂಕನ ಸುವಾರ್ತೆಯ 18ನೇ ಅಧ್ಯಾಯದ ಸಣ್ಣ ಕಥೆಯನ್ನೇ ನೋಡಿ. ಇಬ್ಬರು ದೇವಾಲಯಕ್ಕೆ ಹೋಗುತ್ತಾರೆ. ಒಬ್ಬ ಫರಿಸಾಯ, ಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸುವವನು. ಇನ್ನೊಬ್ಬ ಸುಂಕದವನು. ಪರರ ಆಳ್ವಿಕೆಗಾಗಿ ಸ್ವಂತ ಜನರಿಂದಲೇ ತೆರಿಗೆ ಎತ್ತಿ, ನಡುವೆ ತನ್ನ ಜೇಬನ್ನೂ ತುಂಬಿಸಿಕೊಳ್ಳುವವರು ಎಂದು ಊರೆಲ್ಲ ಬೈಯುತ್ತಿದ್ದ ಕಸುಬಿನವನು. ಫರಿಸಾಯ ವಾರಕ್ಕೆರಡು ಉಪವಾಸ ಮಾಡುವುದನ್ನೂ ಸಂಪಾದನೆಯಲ್ಲಿ ಹತ್ತನೆಯ ಒಂದು ಪಾಲು ಕೊಡುವುದನ್ನೂ ದೇವರ ಮುಂದೆ ಒಪ್ಪಿಸುತ್ತಾನೆ. ಸುಂಕದವನು ದೂರದಲ್ಲೇ ನಿಂತು, ತಲೆಯೆತ್ತದೆ, ಎದೆ ಬಡಿದುಕೊಂಡು, ಪಾಪಿಯಾದ ತನ್ನ ಮೇಲೆ ಕರುಣೆಯಿರಲಿ ಎಂದಷ್ಟೇ ಬೇಡುತ್ತಾನೆ. ದೇವರಿಗೆ ಒಪ್ಪಿತವಾಗಿ ಮನೆಗೆ ಮರಳಿದವನು ಸುಂಕದವನು ಎನ್ನುತ್ತಾರೆ ಯೇಸು.

ಇಲ್ಲಿ ಫರಿಸಾಯ ಒಂದೂ ಸುಳ್ಳು ಹೇಳಿಲ್ಲ. ಉಪವಾಸ ನಿಜ, ದಶಮಾಂಶವೂ ನಿಜ. ಹೇಳಿದ್ದೆಲ್ಲ ನಿಜವಾಗಿದ್ದರೆ ಸಾಕು, ಅದು ಪ್ರಾಮಾಣಿಕ ಪ್ರಾರ್ಥನೆ ಎಂದುಕೊಂಡವರಿಗೆ ಈ ಕಥೆ ತೊಡಕು. ಕೆಟ್ಟದ್ದೆಲ್ಲಿ ಎಂದರೆ, ಪ್ರಾರ್ಥನೆಯ ನಡುವೆ ಅವನ ಕಣ್ಣು ಪಕ್ಕಕ್ಕೆ ಹೊರಳಿತು. ಸದ್ಯ, ನಾನು ಅಗೋ ಅಲ್ಲಿ ನಿಂತಿರುವ ಆ ಸುಂಕದವನ ಹಾಗಿಲ್ಲ ಎಂದುಬಿಟ್ಟ. ಅಲ್ಲಿಂದಾಚೆಗೆ ಪಕ್ಕದವನು ಅವನ ಪಾಲಿಗೆ ಮನುಷ್ಯನಲ್ಲ, ತನ್ನ ಎತ್ತರ ಅಳೆದುಕೊಳ್ಳುವ ಕೋಲು. ಸುಂಕದವನಾದರೋ ಫರಿಸಾಯನನ್ನು ನೋಡಲೇ ಇಲ್ಲ. ಅವನಿಗೆ ಆ ಹೊತ್ತಿನಲ್ಲಿ ತನ್ನದೇ ಬೇಕಾದಷ್ಟಿತ್ತು.

ಮನೆ ಪ್ರಾರ್ಥನೆಗಳಿಗೆ ಹೋದವರಿಗೆ ಇದರ ಇಂದಿನ ರೂಪ ಗೊತ್ತಿರುತ್ತದೆ. ‘ಸಾಕ್ಷಿ’ ಹೇಳಲು ಎದ್ದು ನಿಂತವರು ದೇವರು ತಮಗೆ ಮಾಡಿದ ಉಪಕಾರವನ್ನು ನೆನೆಯುತ್ತಾ ನೆನೆಯುತ್ತಾ, ಮಗನಿಗೆ ಸಿಕ್ಕ ಕೆಲಸ, ಕಟ್ಟಿದ ಎರಡನೇ ಮಹಡಿ, ಇನ್ನೂ ಬಾಡಿಗೆ ಮನೆಯಲ್ಲೇ ಇರುವ ಓರಗಿತ್ತಿ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಫರಿಸಾಯನ ಪಕ್ಕಕ್ಕೇ ಹೋಗಿ ನಿಲ್ಲುತ್ತಾರೆ.

ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಇದಕ್ಕೆ ಕೊಡುವ ಮದ್ದು ಸರಳ: ನೋಡುವವರೇ ಇಲ್ಲದ ಜಾಗಕ್ಕೆ ಹೋಗು. ಬೀದಿಯ ತಿರುವಿನಲ್ಲಿ ನಿಂತು ನಾಲ್ಕು ಜನ ಕಾಣುವಂತೆ ಪ್ರಾರ್ಥಿಸುವವರಿಗೆ ಬೇಕಾದ ಪ್ರತಿಫಲ ಆಗಲೇ ಸಿಕ್ಕಾಯಿತು. ಆದ್ದರಿಂದ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಆ ಕಾಲದ ಹಳ್ಳಿಮನೆಗಳಲ್ಲಿ ಒಳಕೋಣೆಯೆಂದರೆ ದವಸಧಾನ್ಯ ಇಡುವ ಉಗ್ರಾಣದಂಥದು, ಪೂಜೆಯ ಕೋಣೆಯಲ್ಲ. ಅಬ್ಬಿಗೆರೆಯ ಸಿಂಗಲ್ ಬೆಡ್‌ರೂಮ್ ಮನೆಯಲ್ಲಿ ಐದು ಜನ ಇರುವವರಿಗೆ ಅದೂ ಇರುವುದಿಲ್ಲ. ಅವರಲ್ಲಿ ಕೆಲವರು ಬೆಳಗಿನ ಜಾವ ಟೆರೇಸಿಗೆ ಹೋಗುತ್ತಾರೆ. ಫಸ್ಟ್ ಶಿಫ್ಟಿಗೆ ಹೋಗುವ ಬಸ್ಸಿನಲ್ಲಿ ಕಣ್ಣುಮುಚ್ಚಿ ಕೂತವರೆಲ್ಲ ನಿದ್ದೆ ಮಾಡುತ್ತಿರುವುದಿಲ್ಲ. ಗೋಡೆಯಿಲ್ಲದಿದ್ದರೂ ಪ್ರೇಕ್ಷಕರಿಲ್ಲದಿದ್ದರೆ ಕೋಣೆಯ ಕೆಲಸ ಆಯಿತು.

ಎರಡನೆಯ ಮಾತು ಉದ್ದದ ಬಗ್ಗೆ. ಹೆಚ್ಚು ಮಾತಾಡಿದರೆ ದೇವರು ಹೆಚ್ಚು ಕೇಳುತ್ತಾನೆ ಎಂದು ತಿಳಿಯಬೇಡಿ, ನಿಮಗೇನು ಬೇಕೆಂದು ಕೇಳುವ ಮೊದಲೇ ಅವನಿಗೆ ಗೊತ್ತಿದೆ ಎನ್ನುತ್ತಾರೆ ಯೇಸು. ಗೊತ್ತಿದ್ದ ಮೇಲೆ ಕೇಳುವುದೇಕೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಕ್ರೈಸ್ತ ಚಿಂತಕರು ಶತಮಾನಗಳಿಂದ ಕೊಟ್ಟ ಉತ್ತರಗಳಲ್ಲಿ ನನಗೆ ಹೆಚ್ಚು ಸರಿ ಕಾಣುವುದು ಇದು: ಕೇಳುವುದರಿಂದ ಬದಲಾಗಬೇಕಾದ್ದು ಕೇಳುವವರ ಮನಸ್ಸು. ಆ ಮಾತಿನ ಬೆನ್ನಿಗೇ ಯೇಸು ಶಿಷ್ಯರಿಗೆ ಮಾದರಿಯೊಂದನ್ನು ಹೇಳಿಕೊಡುತ್ತಾರೆ. ಅದೇ ಕರ್ತನ ಪ್ರಾರ್ಥನೆ. ನಿಧಾನವಾಗಿ ಹೇಳಿದರೂ ಅರ್ಧ ನಿಮಿಷ ದಾಟುವುದಿಲ್ಲ. ಲೂಕನಲ್ಲಿರುವ ಪಾಠ ಇನ್ನೂ ಚಿಕ್ಕದು. ಪ್ರಾರ್ಥನೆಯ ಕೊನೆಯಲ್ಲಿ ಬರುವ, ದೇವರ ಮಹಿಮೆಯನ್ನು ಹೊಗಳುವ ಸಾಲು ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿಲ್ಲ. ಪ್ರೊಟೆಸ್ಟಂಟರು ಅದನ್ನು ಸೇರಿಸಿ ಹೇಳುತ್ತಾರೆ, ಕಥೋಲಿಕರ ಜಪದಲ್ಲಿ ಅದು ಇರುವುದಿಲ್ಲ.

ಈ ಅರ್ಧ ನಿಮಿಷದಲ್ಲಿ ಒಬ್ಬಂಟಿಯಾಗಿ ಕೇಳುವ ಬೇಡಿಕೆ ಒಂದೂ ಇಲ್ಲ. ಬಾಗಿಲು ಹಾಕಿಕೊಂಡು ಒಬ್ಬರೇ ಕೂತಿದ್ದರೂ ಕೇಳಬೇಕಾದ್ದು ಎಲ್ಲರ ಪರವಾಗಿ: ಎಲ್ಲರ ತಂದೆ, ಎಲ್ಲರ ಇಂದಿನ ಊಟ, ಎಲ್ಲರ ತಪ್ಪಿಗೆ ಕ್ಷಮೆ. ಊಟವೂ ಇಂದಿನದು ಮಾತ್ರ, ತಿಂಗಳ ದಿನಸಿಯಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರಬಡಾವಣೆಗಳ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ನೀರಿಗೆ ಬಾಯಿ ಬಿಡುವಂತಾದಾಗ ಈ ಬೇಡಿಕೆಯ ಬಿಸಿ ಎಷ್ಟೆಂದು ತಿಳಿಯುವಂತಿತ್ತು. ಟ್ಯಾಂಕರ್ ಪೂರ್ತಿ ನಮ್ಮ ಸಂಪಿಗೇ ಇಳಿಸಿಕೊಂಡು ಮುಚ್ಚಳಕ್ಕೆ ಬೀಗ ಹಾಕಿದವರು ಆ ರಾತ್ರಿ ಎಲ್ಲರ ಇಂದಿನ ಊಟಕ್ಕಾಗಿ ಬೇಡಿದರೆ, ಉತ್ತರ ಕೊಡಬೇಕಾದವರು ಯಾರು?

ಇನ್ನೊಂದು ಸಂಗತಿ ಅನೇಕರ ಕಣ್ಣಿಗೆ ಬೀಳುವುದಿಲ್ಲ. ಪ್ರಾರ್ಥನೆ ಮುಗಿದ ಕೂಡಲೇ ಯೇಸು ಅದರಲ್ಲಿರುವ ಒಂದೇ ಒಂದು ಬೇಡಿಕೆಗೆ ವಿವರಣೆ ಕೊಡುತ್ತಾರೆ, ಉಳಿದದ್ದನ್ನು ಹಾಗೇ ಬಿಡುತ್ತಾರೆ. ಅದು ಕ್ಷಮೆಯದು. ನೀವು ಇತರರ ತಪ್ಪು ಮನ್ನಿಸಿದರೆ ನಿಮ್ಮದಕ್ಕೂ ಕ್ಷಮೆ, ಇಲ್ಲದಿದ್ದರೆ ಇಲ್ಲ. ಇಡೀ ಪ್ರಾರ್ಥನೆಯಲ್ಲಿ ಷರತ್ತು ಹಾಕಿರುವುದು ಅಲ್ಲೊಂದೇ ಕಡೆ, ಆ ಷರತ್ತಿನಲ್ಲಿ ಸಿಕ್ಕಿಕೊಂಡಿರುವುದು ಪಕ್ಕದ ಮನೆ. ಪಾರ್ಕಿಂಗಿಗೆ ಜಗಳವಾಡಿ ಮಾತು ಬಿಟ್ಟವರು ದಿನಕ್ಕೆರಡು ಸಲ ಈ ಪ್ರಾರ್ಥನೆ ಹೇಳುತ್ತಿದ್ದರೆ, ದಿನಕ್ಕೆರಡು ಸಲ ತಮ್ಮ ವಿರುದ್ಧ ತಾವೇ ಅರ್ಜಿ ಹಾಕಿಕೊಂಡಂತೆ.

ಮತ್ತಾಯನ 5ನೇ ಅಧ್ಯಾಯದಲ್ಲಿ ಇದೇ ಮಾತಿಗೆ ಕಾಲು ಬಂದಿದೆ. ಬಲಿಪೀಠದ ಬಳಿ ಕಾಣಿಕೆ ತಂದು ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ರಾಜಿಯಾಗಿ ಬಾ ಎನ್ನುತ್ತಾರೆ. ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಗಲಿಲಾಯದವರು. ಬಲಿಪೀಠ ಇದ್ದದ್ದು ಜೆರುಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ಹೆಚ್ಚು ದೂರ, ನಡೆದರೆ ಮೂರು ದಿನದ ಹಾದಿ. ಕುರಿಯನ್ನೋ ಪಾರಿವಾಳವನ್ನೋ ಬಲಿಪೀಠದ ಮುಂದೆ ಬಿಟ್ಟು, ಊರಿಗೆ ನಡೆದು, ಜಗಳ ಬಗೆಹರಿಸಿ, ಮತ್ತೆ ನಡೆದು ಬರುವುದೆಂದರೆ ವಾರದ ಕೆಲಸ. ಕೇಳಿದವರು ನಕ್ಕಿರಲೂಬಹುದು. ತಪ್ಪು ನಿನ್ನದೋ ಅವನದೋ ಎಂಬ ವಿಚಾರಣೆಯೂ ಅಲ್ಲಿಲ್ಲ. ಅವನಿಗೆ ಬೇಸರವಿದ್ದರೆ ಸಾಕು, ಹೊರಡಬೇಕಾದವನು ನೀನು.

ವಾರಕ್ಕೊಮ್ಮೆ ಸೇರುವ ಸಭೆಯಲ್ಲಿ ಇಷ್ಟು ದೊಡ್ಡ ಮಾತನ್ನು ಆಚರಣೆಗೆ ತರುವುದು ಹೇಗೆ? ಇಲ್ಲಿ ದಕ್ಷಿಣ ಭಾರತದ್ದೇ ಒಂದು ಕೊಡುಗೆಯಿದೆ. ಹಲವು ಪ್ರೊಟೆಸ್ಟಂಟ್ ಪಂಗಡಗಳು ಒಂದಾಗಿ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. 1950ರಲ್ಲಿ ಅದು ರೂಪಿಸಿದ ಕರ್ತನ ಭೋಜನದ ಆರಾಧನಾ ಕ್ರಮದಲ್ಲಿ, ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಉಳಿದುಬಂದಿದ್ದ ಸಮಾಧಾನದ ವಂದನೆಯನ್ನು ಇಡೀ ಸಭೆಗೆ ತಂದರು. ಕಾಣಿಕೆ ಒಪ್ಪಿಸುವುದಕ್ಕೆ ಮೊದಲು ಇದರ ಸರದಿ. ಸಭಾಪಾಲಕರು ಜೊತೆಯಲ್ಲಿ ನಿಂತವರಿಗೆ ವಂದನೆ ಕೊಡುತ್ತಾರೆ, ಅದು ಸಾಲಿನಿಂದ ಸಾಲಿಗೆ ಹರಿಯುತ್ತದೆ. ಕ್ರಮದ ಪ್ರಕಾರ ಕೊಡುವವರು ತಮ್ಮ ಬಲಅಂಗೈಯನ್ನು ಪಡೆಯುವವರ ಬಲಅಂಗೈಗೆ ತಾಗಿಸಬೇಕು, ಆಮೇಲೆ ಇಬ್ಬರೂ ಎಡಗೈಯನ್ನು ಎದುರಿನವರ ಬಲಗೈ ಮೇಲೆ ಮುಚ್ಚಬೇಕು. ಕೈ ಕುಲುಕುವುದಲ್ಲ, ಒಬ್ಬರ ಕೈಯನ್ನು ಇನ್ನೊಬ್ಬರು ಎರಡೂ ಕಡೆಯಿಂದ ಹಿಡಿದುಕೊಳ್ಳುವುದು. ಈ ಪದ್ಧತಿ ಜಗತ್ತಿನ ಬೇರೆ ಸಭೆಗಳ ಗಮನವನ್ನೂ ಸೆಳೆಯಿತು. ಕಥೋಲಿಕರ ಬಲಿಪೂಜೆಯಲ್ಲಿ ಸಮಾಧಾನದ ವಂದನೆ ಬರುವುದು ಪರಮಪ್ರಸಾದ ಸ್ವೀಕರಿಸುವ ಮುನ್ನ.

ಈಗ ಅನೇಕ ಕಡೆ ಇದು ಅತ್ತಿತ್ತ ತಿರುಗಿ ನಮಸ್ಕರಿಸುವ ಐದು ಸೆಕೆಂಡಿನ ಶಾಸ್ತ್ರವಾಗಿದೆ. ಮಾತು ಬಿಟ್ಟವರು ಬೇಕೆಂತಲೇ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಾರೆ. ಆದರೂ ಆ ಐದು ಸೆಕೆಂಡು ಇರಬೇಕಾದದ್ದೇ, ಬೇರೆ ಸಾಲಿಗೆ ಹೋಗಿ ಕೂತವರಿಗೆ ತಾವೇಕೆ ಅಲ್ಲಿ ಕೂತಿದ್ದೇವೆಂದು ಗೊತ್ತಿರುತ್ತದಲ್ಲ.

ಮನೆ ಪ್ರಾರ್ಥನೆಯ ವಿಷಯಕ್ಕೆ ಮತ್ತೆ ಬರೋಣ. ಎರಡು ಸಂಗತಿಗಳಲ್ಲಿ ಅದು ನೆರೆಹೊರೆಯನ್ನು ನೇರವಾಗಿ ಮುಟ್ಟುತ್ತದೆ.

ಒಂದು, ಪ್ರಾರ್ಥನಾ ವಿನಂತಿಗಳು. ಇನ್ನೊಬ್ಬರಿಗಾಗಿ ಬೇಡುವುದು ಕ್ರೈಸ್ತರಲ್ಲಿ ದೊಡ್ಡ ಸೇವೆ. ಆದರೆ ಇಂಥವರ ಮಗಳ ಸಂಸಾರ ಸರಿಯಿಲ್ಲ, ದಯವಿಟ್ಟು ಪ್ರಾರ್ಥಿಸಿ ಎಂದು ಇಪ್ಪತ್ತು ಜನರ ಮುಂದೆ ಹೇಳುವುದು, ಅದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು, ಭಕ್ತಿಯ ಸೆರಗು ಹೊದ್ದ ಚಾಡಿಯೇ. ಒಳ್ಳೆಯ ಗುಂಪುಗಳು ಇದಕ್ಕೆ ಕಟ್ಟುನಿಟ್ಟಾದ ದಾರಿ ಹಿಡಿಯುತ್ತವೆ. ಯಾರ ವಿಷಯವೋ ಅವರನ್ನು ಕೇಳದೆ ಹೆಸರು ಹೇಳಬಾರದು. ರೋಗದ ಹೆಸರು, ಸಾಲದ ಮೊತ್ತ, ಜಗಳದ ಕಾರಣ ಇವೊಂದೂ ಬೇಕಿಲ್ಲ, ದೇವರಿಗೆ ಮೊದಲೇ ಗೊತ್ತಿದೆ ಎಂದು ಯೇಸುವೇ ಹೇಳಿದ್ದಾರಲ್ಲ. ಗಂಡ ಹೊಡೆಯುತ್ತಾನೆಂದು ಹೆಣ್ಣುಮಗಳೊಬ್ಬಳು ಕಣ್ಣೀರಿಟ್ಟರೆ ಪ್ರಾರ್ಥನೆಯೊಂದೇ ಸಾಲದು. ಮಹಿಳಾ ಸಹಾಯವಾಣಿ 181 ಅವಳ ಕೈಗೆ ಸಿಗಬೇಕು, ತುರ್ತಾದರೆ 112.

ಎರಡು, ಸದ್ದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಧ್ವನಿವರ್ಧಕಕ್ಕೆ ಅನುಮತಿ ಬೇಕು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೊರಗೆ ಅದನ್ನು ಹಾಕುವಂತಿಲ್ಲ. ಹತ್ತಕ್ಕೆ ಹದಿನೈದರ ಹಾಲಿನಲ್ಲಿ ಹನ್ನೆರಡು ಜನ ಸೇರಿದಾಗ ಕೀಬೋರ್ಡಿಗೆ ಆಂಪ್ಲಿಫೈಯರ್ ಏಕೆ ಬೇಕು ಎಂಬುದಕ್ಕೆ ನನಗಂತೂ ಉತ್ತರ ಸಿಕ್ಕಿಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದು ಪಕ್ಕದ ಮನೆಯಲ್ಲಿ ಮಲಗಿದವನೂ ನೆರೆಯವನೇ. ಇದನ್ನು ಹೇಳಿದರೆ ಥಟ್ಟನೆ ಬರುವ ಮಾತು: ಗಣೇಶನ ಆರ್ಕೆಸ್ಟ್ರಾದವರನ್ನು ಕೇಳುವುದಿಲ್ಲ, ನಮ್ಮನ್ನು ಮಾತ್ರ ಕೇಳುತ್ತೀರಿ. ಆ ದೂರಿನಲ್ಲಿ ನ್ಯಾಯವಿರಲೂಬಹುದು. ಆದರೆ ಅದೂ ಫರಿಸಾಯನಂತೆ ಪಕ್ಕಕ್ಕೆ ಹೊರಳಿದ ಕಣ್ಣೇ.

ನೆರೆಯವನು ಯಾರು ಎಂಬ ಪ್ರಶ್ನೆಯನ್ನು ಯೇಸುವಿಗೆ ಧರ್ಮಶಾಸ್ತ್ರದ ಪಂಡಿತನೊಬ್ಬ ಕೇಳಿದ್ದ. ಎಲ್ಲಿಗೆ ಗೆರೆ ಎಳೆಯಬೇಕೆಂದು ತಿಳಿಯುವುದು ಅವನ ಉದ್ದೇಶ. ಉತ್ತರವಾಗಿ ಬಂದದ್ದು ಲೂಕನ 10ನೇ ಅಧ್ಯಾಯದ ಸಮಾರ್ಯದವನ ಕಥೆ. ಜೆರುಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿ ಮೂವತ್ತು ಕಿಲೋಮೀಟರಿಗಿಂತ ಕಡಿಮೆ, ಅಷ್ಟರಲ್ಲೇ ಸಾವಿರ ಮೀಟರಿನಷ್ಟು ಇಳಿಜಾರು, ಬಂಡೆಗಳ ನಡುವೆ ತಿರುವುಗಳು. ಕಳ್ಳರು ಒಬ್ಬನನ್ನು ದೋಚಿ, ಹೊಡೆದು, ಅರೆಜೀವ ಮಾಡಿ ಹೋಗಿದ್ದಾರೆ. ಯಾಜಕನೊಬ್ಬ ನೋಡಿ ಆಚೆ ಬದಿಯಿಂದ ಹೋದ. ಹೆಣ ಮುಟ್ಟಿದರೆ ಮೈಲಿಗೆಯೆಂಬ ಭಯದಿಂದ ಎಂದು ಅವನ ಪರವಾಗಿ ವಾದಿಸುವವರಿದ್ದಾರೆ. ಆದರೆ ಅವನು ದೇವಾಲಯದಿಂದ ಇಳಿದು ಬರುತ್ತಿದ್ದ, ಪೂಜೆಗೆ ಹೋಗುತ್ತಿರಲಿಲ್ಲ. ದೇವಾಲಯದ ಸೇವೆಗೆ ಸೇರಿದ ಲೇವಿಯನೊಬ್ಬನೂ ಹಾಗೆಯೇ ದಾಟಿ ಹೋದ. ನಿಂತವನು ಯೆಹೂದ್ಯರು ಮುಖ ಕೊಟ್ಟು ಮಾತಾಡದಿದ್ದ ಸಮಾರ್ಯದವನು.

ಅವನು ಮಾಡಿದ್ದನ್ನು ಲೂಕ ಲೆಕ್ಕ ಬರೆದಂತೆ ಬರೆದಿದ್ದಾನೆ: ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ, ಕಟ್ಟು, ತನ್ನ ವಾಹನದ ಮೇಲೆ ಸವಾರಿ, ಛತ್ರ, ಒಂದು ರಾತ್ರಿಯ ಆರೈಕೆ, ಮರುದಿನ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ. ಕೂಲಿಯವನ ಎರಡು ದಿನದ ಸಂಬಳವದು. ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುವೆನೆಂಬ ಮಾತು ಬೇರೆ. ಆಮೇಲೆ ಅವನು ತನ್ನ ಕೆಲಸಕ್ಕೆ ಹೋದ. ಪ್ರಯಾಣ ಕೈಬಿಡಲಿಲ್ಲ, ಸರ್ವಸ್ವ ಧಾರೆಯೆರೆಯಲಿಲ್ಲ, ತನಗಿಂತ ಚೆನ್ನಾಗಿ ನೋಡಿಕೊಳ್ಳಬಲ್ಲವನಿಗೆ ಒಪ್ಪಿಸಿದ. ಕಥೆಯಲ್ಲಿ ಎಲ್ಲರೂ ಮರೆಯುವ ಛತ್ರದವನು ನನ್ನ ಪಾಲಿಗೆ ಮುಖ್ಯ ವ್ಯಕ್ತಿ. ಮರುಕ ಒಂದು ರಾತ್ರಿಯದು, ಆರೈಕೆಗೆ ಹಾಸಿಗೆ ಬೇಕು, ಖರ್ಚಿನ ಲೆಕ್ಕ ಬೇಕು. ನಾಲ್ಕನೆಯ ಶತಮಾನದಲ್ಲಿ ಸಿಸೇರಿಯದ ಬೇಸಿಲ್ ರೋಗಿಗಳಿಗೂ ದಿಕ್ಕಿಲ್ಲದವರಿಗೂ ಊರಹೊರಗೆ ಆಶ್ರಯ ಕಟ್ಟಿಸಿದ್ದು ಈ ಜಾಡಿನಲ್ಲೇ. ಅಬ್ಬಿಗೆರೆಯವರಿಗೆ ಹತ್ತಿರದ ಉದಾಹರಣೆಯೆಂದರೆ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಮಿಷನ್ 1973ರಲ್ಲಿ ತೆರೆದ ಈ ಆಸ್ಪತ್ರೆಯ ಆಡಳಿತವನ್ನು 1989ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ವಹಿಸಿಕೊಂಡಿತು.

ಈ ಕಥೆಯ ಹೆಸರು ನಮ್ಮ ಕಾನೂನಿಗೂ ಹತ್ತಿದೆ. ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಅಂಜಿಕೆಯಿಂದಲೇ ಜನ ಆಚೆ ಬದಿಯಿಂದ ಹೋಗುತ್ತಿದ್ದರು. ನೆರವಿಗೆ ಬರುವವರ ರಕ್ಷಣೆಗಾಗಿ ಕೇಂದ್ರ ಸರ್ಕಾರ ಹೊರಡಿಸಿದ್ದ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚಿನಲ್ಲಿ ಕಾನೂನಿನ ಬಲ ಕೊಟ್ಟಿತು. ಇದಕ್ಕೆಂದೇ ಸ್ವಂತ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ. 2016ರ ಆ ಗುಡ್ ಸಮಾರಿಟನ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ. 2019ರ ಮೋಟಾರು ವಾಹನ ತಿದ್ದುಪಡಿಯ 134ಎ ಕಲಮು ದೇಶಕ್ಕೆಲ್ಲ ಅನ್ವಯಿಸುತ್ತದೆ. ತುಮಕೂರು ರಸ್ತೆಯಲ್ಲಿ ಜಾಲಹಳ್ಳಿ ಕ್ರಾಸಿನ ಬಳಿ ಬೈಕಿನವನೊಬ್ಬ ಬಿದ್ದಿದ್ದರೆ ನೀವು 108ಕ್ಕೆ ಕರೆ ಮಾಡಬಹುದು, ಆಟೋದಲ್ಲಿ ಕರೆದೊಯ್ಯಲೂಬಹುದು. ಆಸ್ಪತ್ರೆಗೆ ಸೇರಿಸಿದ ಮೇಲೆ ಅಲ್ಲೇ ನಿಲ್ಲಬೇಕಿಲ್ಲ, ಹೆಸರು ವಿಳಾಸ ಕೊಡಲೇಬೇಕೆಂದಿಲ್ಲ, ಆಸ್ಪತ್ರೆ ನಿಮ್ಮಿಂದ ದುಡ್ಡು ಕೇಳುವಂತಿಲ್ಲ, ಸಾಕ್ಷಿಯಾಗಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ತೀವ್ರವಾಗಿ ಗಾಯಗೊಂಡವರನ್ನು ಸಕಾಲಕ್ಕೆ ಆಸ್ಪತ್ರೆ ಸೇರಿಸಿದವರಿಗೆ ಕೇಂದ್ರ ಸರ್ಕಾರ 2021ರಲ್ಲಿ 5,000 ರೂಪಾಯಿ ಬಹುಮಾನ ಘೋಷಿಸಿತ್ತು, 2025ರಲ್ಲಿ ಅದು 25,000 ಆಯಿತು. ಸಮಾರ್ಯದವನು ಕೈಯಿಂದ ಖರ್ಚು ಮಾಡಿಕೊಂಡು ಹೋಗಿದ್ದ.

ನೆರವಿನ ಜೊತೆಗೆ ಅನುಮಾನವೂ ಬರುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಕ್ಕಿ ಕೊಟ್ಟು ಮತ ಬದಲಿಸುತ್ತಾರೆಂಬ ಆರೋಪ ಕ್ರೈಸ್ತರ ಬೆನ್ನಿಗಿದೆ. ಕಥೆಯನ್ನೇ ಒರೆಗಲ್ಲು ಮಾಡಿಕೊಳ್ಳುವುದಾದರೆ, ಸಮಾರ್ಯದವನು ಗಾಯಾಳುವಿನ ಮತ ಕೇಳಲಿಲ್ಲ, ತನ್ನದನ್ನು ಹೇಳಲಿಲ್ಲ. ಗಾಳಕ್ಕೆ ಸಿಕ್ಕಿಸಿದ ನೆರವನ್ನು ನೆರೆಪ್ರೀತಿ ಎನ್ನಲು ಸುವಾರ್ತೆಯಲ್ಲಿ ಆಧಾರ ಸಿಗುವುದಿಲ್ಲ.

ಕಥೋಲಿಕ ಧರ್ಮಕೇಂದ್ರಗಳಲ್ಲಿ ಕೆಲಸ ಮಾಡುವ ಸಂತ ವಿನ್ಸೆಂಟ್ ದೆ ಪೌಲರ ಸಂಘದ ರೀತಿ ಈ ವಿಷಯದಲ್ಲಿ ನೋಡುವಂಥದ್ದು. ಫ್ರೆಡರಿಕ್ ಓಜಾನಾಮ್ ಮತ್ತು ಅವರ ಗೆಳೆಯರು ಪ್ಯಾರಿಸಿನಲ್ಲಿ 1833ರಲ್ಲಿ ಕಟ್ಟಿದ ಸಂಘವಿದು. ಸಭೆ ಪ್ರಾರ್ಥನೆಯಿಂದ ಶುರು. ಸಭೆಯಲ್ಲಿ ಒಂದು ಚೀಲ ಸುತ್ತು ಬರುತ್ತದೆ, ಪ್ರತಿಯೊಬ್ಬರೂ ಮುಷ್ಟಿ ಬಿಗಿಹಿಡಿದು ಕೈ ಒಳಗೆ ಹಾಕುತ್ತಾರೆ. ಯಾರು ಐನೂರು ಹಾಕಿದರು, ಯಾರು ಬರಿಗೈ ಹಾಕಿ ತೆಗೆದರು ಎಂಬುದು ಪಕ್ಕದಲ್ಲಿ ಕೂತವರಿಗೂ ತಿಳಿಯದು. ಅಳೆಯಲು ಕೋಲೇ ಸಿಗದಂತೆ ಮಾಡಿದ ಏರ್ಪಾಡು. ಆಮೇಲೆ ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುತ್ತಾರೆ. ನೆರವನ್ನು ಸಾಲಿನಲ್ಲಿ ನಿಲ್ಲಿಸಿ ಹಂಚುವುದಲ್ಲ, ಕಷ್ಟದಲ್ಲಿರುವವರ ಮನೆಗೇ ಹೋಗಿ ಕೂತು ಮಾತಾಡುವುದು.

ಹಾಗೆ ಕೂತು ಕೇಳಿದಾಗಲೇ ನಿಜವಾದ ಬೇಕು ಹೊರಬರುವುದು, ಅದು ಎಷ್ಟೋ ಸಲ ದಿನಸಿ ಕಿಟ್ ಆಗಿರುವುದಿಲ್ಲ. ಪೀಣ್ಯದ ವರ್ಕ್‌ಶಾಪಿಗೆ ಬಿಹಾರದಿಂದ ಬಂದ ಕುಟುಂಬಕ್ಕೆ ತಮ್ಮ ಊರಿನ ಪಡಿತರ ಚೀಟಿ ಇಲ್ಲಿ ನಡೆಯುತ್ತದೆಂದು ಗೊತ್ತಿರುವುದಿಲ್ಲ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ, ಆಹಾರ ಭದ್ರತಾ ಕಾಯ್ದೆಯಡಿ ಚೀಟಿ ಪಡೆದವರು ಅದಕ್ಕೆ ಆಧಾರ್ ಜೋಡಣೆಯಾಗಿದ್ದರೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೇ ಹೆಬ್ಬೆಟ್ಟು ಒತ್ತಿ ಧಾನ್ಯ ಪಡೆಯಬಹುದು, ಹೊಸ ಚೀಟಿಗೆ ಅರ್ಜಿ ಹಾಕಬೇಕಿಲ್ಲ. ಭಾಷೆ ಬಾರದವರ ಜೊತೆ ಮೊದಲ ಸಲ ಯಾರಾದರೂ ಅಂಗಡಿಯವರೆಗೆ ಹೋದರೆ ಎರಡನೇ ತಿಂಗಳಿಂದ ಅವರೇ ಹೋಗಿ ತರುತ್ತಾರೆ.